ಮರಳಿನಲ್ಲಿ ಮುಯ್ಯಾಳು

ಮಳೆಗಾಲದಲ್ಲಿ ಆಗುಂಬೆ, ಹೊಸನಗರ ಕಡೆಯ ಕಾಡಿಗೆ ಹೋಗುವವರು ಉಂಬಳದ ಕಾಟಕ್ಕೆ ಒತ್ತು ನೇಯ್ಗೆಯ ಬಟ್ಟೆ ಚೀಲವೊಂದನ್ನು ಕಾಲಿಗೆ ಏರಿಸಿ ಮೊಣಕಾಲ ಕೆಳಗೆ ಬಿಗಿದು ಕಟ್ಟುತ್ತಾರೆ. ಸಹಾರಾದಲ್ಲಿ ಓಡುವವರ ಕಾಲಲ್ಲೂ ಹೆಚ್ಚುಕಡಿಮೆ ಅದೇ ಚೀಲ. ಹೆಸರು ಗೇಟರ್, ತಡೆಯುವುದು ಉಂಬಳವನ್ನಲ್ಲ, ಮರಳನ್ನು. ಉಂಬಳ ಹೊಟ್ಟೆ ತುಂಬಿದ ಮೇಲೆ ತಾನೇ ಉದುರುತ್ತದೆ. ಶೂ ಒಳಗೆ ಸೇರಿದ ಮರಳಿಗೆ ಹೊಟ್ಟೆ ತುಂಬುವುದೆಂಬುದಿಲ್ಲ, ಸಂಜೆವರೆಗೂ ಉಜ್ಜುತ್ತಲೇ ಇರುತ್ತದೆ.

ಇಲ್ಲಿ ಹೇಳಹೊರಟದ್ದು ಹಲವು ದಿನಗಳ ಮರುಭೂಮಿ ಓಟದ ಬಗ್ಗೆ, ಅದರಲ್ಲೂ ಜೊತೆಗಾರರೊಬ್ಬರನ್ನು ಕಟ್ಟಿಕೊಂಡು ಓಡುವುದರ ಬಗ್ಗೆ. ಇಂಥ ಓಟಗಳಲ್ಲಿ ಹೆಸರುವಾಸಿಯಾದದ್ದು ಮೊರೊಕ್ಕೊದ ಮ್ಯಾರಥಾನ್ ದೆ ಸಾಬ್ಲ್. ಫ್ರಾನ್ಸಿನ ಪ್ಯಾಟ್ರಿಕ್ ಬೌವರ್ ಶುರುಮಾಡಿದ್ದು, ಮೊದಲ ಓಟ 1986ರಲ್ಲಿ. ಒಂದು ವಾರದಲ್ಲಿ ಸುಮಾರು 250 ಕಿ.ಮೀ., ಅದರಲ್ಲಿ ಒಂದು ಹಂತ 80 ಕಿ.ಮೀ. ಆಚೀಚೆ. ಊಟ, ಹಾಸಿಗೆ, ಔಷಧ ಎಲ್ಲ ಬೆನ್ನ ಮೇಲೆ. ಓಟ ನಡೆಸುವವರು ಕೊಡುವುದು ನೀರು, ರಾತ್ರಿಗೊಂದು ಡೇರೆ, ಅಗತ್ಯ ಬಿದ್ದರೆ ವೈದ್ಯರು, ಅಷ್ಟೇ. ಗೋಬಿ, ಅಟಕಾಮಾ, ನಮೀಬ್ ಮರುಭೂಮಿಗಳಲ್ಲೂ ಇದೇ ಅಳತೆಯ ಓಟಗಳಿವೆ. ಅವನ್ನು ನಡೆಸುವ ರೇಸಿಂಗ್ ದ ಪ್ಲಾನೆಟ್‌ನ ತಂಡ ವಿಭಾಗದಲ್ಲಿ ಒಂದು ನಿಯಮವಿದೆ: ತಂಡದವರು ಒಬ್ಬರಿಂದೊಬ್ಬರು 25 ಮೀಟರ್‌ಗಿಂತ ದೂರ ಹೋಗುವಂತಿಲ್ಲ. ಈ 25 ಮೀಟರ್ ಕೇಳಲಿಕ್ಕೆ ಸುಲಭ. ಮೂರನೇ ದಿನ ಮಧ್ಯಾಹ್ನ ಎರಡು ಗಂಟೆಗೆ ಅದರಷ್ಟು ಕಷ್ಟದ್ದು ಬೇರೊಂದಿಲ್ಲ.

ಯಾಕೆಂದರೆ ಇಬ್ಬರ ಕಾಲು ಒಂದೇ ಹದದಲ್ಲಿ ಯಾವತ್ತೂ ಇರುವುದಿಲ್ಲ. ಒಬ್ಬರಿಗೆ ಬೆಳಿಗ್ಗೆ ಚುರುಕು, ಇನ್ನೊಬ್ಬರಿಗೆ ಬಿಸಿಲು ಇಳಿದ ಮೇಲೆ. ಸಮಪಾಲು, ಸಮಬಾಳು ಅಂತ ಹೊರಟ ಜೋಡಿಗಳೇ ಹೆಚ್ಚು ಜಗಳವಾಡುತ್ತವೆ. ನಮ್ಮ ಕಡೆ ನಾಟಿಗೆ, ಕೊಯ್ಲಿಗೆ ಮುಯ್ಯಾಳು ಹೋಗುವ ಪದ್ಧತಿ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಇವತ್ತು ನಿಮ್ಮ ಗದ್ದೆಗೆ ನಾವು, ನಮ್ಮ ಗದ್ದೆ ಹದಕ್ಕೆ ಬಂದ ದಿನ ನೀವು. ಆಳಿಗೆ ಆಳು ಲೆಕ್ಕವಿದೆ, ಆದರೆ ಅದೇ ದಿನ ಚುಕ್ತಾ ಆಗಬೇಕೆಂದಿಲ್ಲ. ಮರುಭೂಮಿಯಲ್ಲಿ ಜೋಡಿ ಓಟ ನಡೆಯುವುದೂ ಹಾಗೇ. ಇವತ್ತು ಯಾರ ಕಾಲು ಸೋತಿದೆಯೋ ಅವರದ್ದೇ ವೇಗ; ಗಟ್ಟಿ ಇದ್ದವರು ತೂಕ ತೆಗೆದುಕೊಳ್ಳುತ್ತಾರೆ.

ತೂಕ ತೆಗೆದುಕೊಳ್ಳುವುದು ಅಂದರೆ ಮಾತಿಗೆ ಹೇಳಿದ್ದಲ್ಲ. ಚೀಲದಿಂದ ಚೀಲಕ್ಕೆ ಸಾಮಾನು ದಾಟಿಸುವುದು. ಹಿಂದೆ ಬೀಳುವವರಿಗೆ "ಬಾ ಬಾ, ಇನ್ನೇನು ಬಂತು" ಅನ್ನುವುದಕ್ಕಿಂತ ಅವರ ಚೀಲದಿಂದ ಕೆಳಗೆ ಹಾಸುವ ಮ್ಯಾಟ್ ಮತ್ತು ಒಂದು ದಿನದ ಊಟ ತೆಗೆದು ನಿಮ್ಮ ಚೀಲಕ್ಕೆ ಹಾಕಿಕೊಂಡರೆ ಮುಕ್ಕಾಲು ಕಿಲೋಗೂ ಹೆಚ್ಚು ಇಳಿಯಿತು. ಉಪದೇಶ ಮಾಡದ ಕೆಲಸವನ್ನು ಈ ಮುಕ್ಕಾಲು ಕಿಲೋ ಮಾಡುತ್ತದೆ. ಆದರೆ ಕಡ್ಡಾಯ ಸಾಮಾನುಗಳನ್ನು ಅವರವರೇ ಹೊರಬೇಕೆಂಬ ನಿಯಮ ಎಲ್ಲ ಕಡೆಯೂ ಇರುತ್ತದೆ. ಯಾವುದನ್ನು ದಾಟಿಸಬಹುದು, ಯಾವುದನ್ನು ದಾಟಿಸಬಾರದು ಅಂತ ಆ ವರ್ಷದ ನಿಯಮ ಪುಸ್ತಕ ನೋಡಿ ಮೊದಲೇ ಗುರುತು ಹಾಕಿಕೊಳ್ಳಿ. ದಾಟಿಸುವ ಸಾಮಾನು ಚೀಲದ ಮೇಲ್ಭಾಗದಲ್ಲೇ ಇರಲಿ. ತಳದಲ್ಲಿ ತುರುಕಿಟ್ಟರೆ ಗಾಳಿ ಬೀಸುವಾಗ ಇಡೀ ಚೀಲ ಬಿಚ್ಚಿ ಮರಳಿನ ಮೇಲೆ ಹರವಿಕೊಂಡು ಕೂರಬೇಕಾಗುತ್ತದೆ.

ಹಾಗಾದರೆ ಚೀಲದಲ್ಲಿ ಇರುವುದೆಷ್ಟು? ಮ್ಯಾರಥಾನ್ ದೆ ಸಾಬ್ಲ್‌ನಲ್ಲಿ ಬಹಳ ವರ್ಷಗಳಿಂದ ನಡೆದುಬಂದ ಮಿತಿ ನೀರು ಬಿಟ್ಟು ಕನಿಷ್ಠ 6.5 ಕಿಲೋ, ಗರಿಷ್ಠ 15 ಕಿಲೋ. ದಿನಕ್ಕೆ ಕನಿಷ್ಠ 2,000 ಕ್ಯಾಲೊರಿಯ ಊಟ ಇರಲೇಬೇಕು. ಲೆಕ್ಕ ಹೀಗೆ ಹಾಕಿ: ಖಾಲಿ ಚೀಲ 700 ಗ್ರಾಂ, ಮಲಗುವ ಚೀಲ 700, ಕೆಳಗೆ ಹಾಸುವ ಮ್ಯಾಟ್ 300, ಕಡ್ಡಾಯ ಸಾಮಾನು (ದಿಕ್ಸೂಚಿ, ಸೀಟಿ, ಚಾಕು, ಕನ್ನಡಿ, ಹಣೆ ಬ್ಯಾಟರಿ, ವಿಷ ಹೀರುವ ಪಂಪು ಇತ್ಯಾದಿ) 900, ರಾತ್ರಿ ಚಳಿಗೆ ಬಟ್ಟೆ 500, ಟೇಪು-ಔಷಧ 300. ಅಲ್ಲಿಗೆ 3.4 ಕಿಲೋ ಆಯಿತು. ಊಟ 4 ಕಿಲೋ. ಎರಡು ಲೀಟರ್ ನೀರು ಸೇರಿದರೆ ಮೊದಲ ದಿನ ಬೆನ್ನ ಮೇಲೆ ಒಂಬತ್ತೂವರೆ ಕಿಲೋ ಹತ್ತಿರ. ಮೊದಲ ಸಲ ಹೋಗುವವರ ಚೀಲ ಹನ್ನೆರಡು ದಾಟುವುದು 'ಇರಲಿ ಬಿಡು, ಬೇಕಾಗಬಹುದು' ಅನ್ನುವ ಸಾಮಾನಿನಿಂದಲೇ. ಇಬ್ಬರಿದ್ದಾಗ ಸೂಜಿ, ಕತ್ತರಿ, ಹಲ್ಲುಜ್ಜುವ ಪೇಸ್ಟ್‌ನಂಥವು ಎರಡೆರಡು ಬೇಡ. ಕಡ್ಡಾಯ ಪಟ್ಟಿಯಲ್ಲಿ ಇಲ್ಲದ್ದು ಯಾವುದೇ ಆದರೂ ಜೋಡಿಗೆ ಒಂದು ಸಾಕು.

ಊಟದ ವಿಷಯದಲ್ಲಿ ಮಲೆನಾಡಿನ ಅಡುಗೆಮನೆ ಯಾವ ವಿದೇಶಿ ಪೊಟ್ಟಣಕ್ಕೂ ಕಡಿಮೆಯಿಲ್ಲ. ನೋಡಬೇಕಾದ್ದು ಒಂದೇ: ಗ್ರಾಮಿಗೆ ಎಷ್ಟು ಕ್ಯಾಲೊರಿ. ಅವಲಕ್ಕಿ, ಹುರಿಹಿಟ್ಟು ಮೂರೂವರೆ ಹತ್ತಿರ. ಬೆಲ್ಲ ನಾಲ್ಕಕ್ಕೆ ಸ್ವಲ್ಪ ಕಡಿಮೆ. ಶೇಂಗಾ, ಗೋಡಂಬಿ ಐದೂವರೆ. ಒಣ ಕೊಬ್ಬರಿ ಆರೂವರೆ. ದಿನಕ್ಕೆ ಅವಲಕ್ಕಿ 150 ಗ್ರಾಂ, ಶೇಂಗಾ 100, ಬೆಲ್ಲ 80, ಹುರಿಹಿಟ್ಟು 80, ಗೋಡಂಬಿ 60, ಕೊಬ್ಬರಿ 50, ಹಾಲಿನ ಪುಡಿ 50 ಅಂತ ಇಟ್ಟರೆ 570 ಗ್ರಾಂನಲ್ಲಿ ಎರಡೂವರೆ ಸಾವಿರ ಕ್ಯಾಲೊರಿ. ಏಳು ದಿನಕ್ಕೆ ನಾಲ್ಕು ಕಿಲೋ. ಇದರ ದೊಡ್ಡ ಅನುಕೂಲ ಒಲೆ ಬೇಡದಿರುವುದು. ತೆಳು ಅವಲಕ್ಕಿ ತಣ್ಣೀರಿಗೂ ಐದೇ ನಿಮಿಷದಲ್ಲಿ ನೆನೆಯುತ್ತದೆ. ಒಲೆ, ಇಂಧನ, ಪಾತ್ರೆಯ ತೂಕ ಉಳಿಯಿತು. ಗಟ್ಟಿ ಅವಲಕ್ಕಿಯ ಸಹವಾಸ ಬೇಡ. ಅರೆಬೆಂದಂತೆ ಉಳಿದು ಹೊಟ್ಟೆ ಉಬ್ಬರಿಸುತ್ತದೆ.

ಆದರೆ ಒಂದು ಎಚ್ಚರ. ಸಿಹಿ ಮೂರನೇ ದಿನಕ್ಕೆ ಬಾಯಿಗೆ ಸೇರುವುದಿಲ್ಲ. ಮನೆಯಲ್ಲಿ ಎಷ್ಟು ಇಷ್ಟಪಟ್ಟು ತಿಂದರೂ ಬಿಸಿಲಲ್ಲಿ ಬೆಲ್ಲದುಂಡೆ ನೋಡಿದರೆ ವಾಕರಿಕೆ ಬರುತ್ತದೆ. ಆಗ ಕೈಹಿಡಿಯುವುದು ಹುಳಿ, ಉಪ್ಪು, ಖಾರ. ಚಟ್ನಿಪುಡಿ ದಿನಕ್ಕೊಂದು ಪೊಟ್ಟಣ, ಒಣಗಿದ ಮುರುಗಲು ಸಿಪ್ಪೆ ನಾಲ್ಕೈದು, ಪುಡಿಮಾಡಿದ ಕೋಡುಬಳೆ ಒಂದು ಹಿಡಿ. ಪುಡಿ ಮಾಡಿಯೇ ಒಯ್ಯಿರಿ, ಇಡೀ ಕೋಡುಬಳೆ ಚೀಲದಲ್ಲಿ ಜಾಗ ತಿನ್ನುತ್ತದೆ, ಹೇಗೂ ಪುಡಿಯಾಗುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುವ ಆಸೆ ಎಲ್ಲರಿಗೂ ಇರುತ್ತದೆ. ರಸ ಸೋರಿ ಮಲಗುವ ಚೀಲಕ್ಕೆ ಹತ್ತಿದರೆ ಏಳು ರಾತ್ರಿಯೂ ಭರಣಿಯೊಳಗೆ ಮಲಗಿದಂತೆ. ಬೇಕೇಬೇಕೆಂದರೆ ಮಿಡಿಯನ್ನು ಹಿಂಡಿ ಒಣಗಿಸಿ ಎರಡು ಪದರದ ಕವರಿನಲ್ಲಿ. ಪ್ರತಿ ಪೊಟ್ಟಣದ ಮೇಲೆ ದಿನದ ಸಂಖ್ಯೆ, ತೂಕ, ಕ್ಯಾಲೊರಿ ಬರೆದಿರಿ. ತಪಾಸಣೆಯಲ್ಲಿ ಮನೆ ತಿಂಡಿಯ ಲೆಕ್ಕ ಕೇಳುತ್ತಾರೆ.

ಇನ್ನು ಬಿಸಿಲು. ನಮ್ಮಲ್ಲಿ ಬೆವರು ಇಳಿಯುವುದು ಕಾಣುತ್ತದೆ. ಗಾಳಿಯಲ್ಲೇ ನೀರು ಇರುವುದರಿಂದ ಆರುವುದಿಲ್ಲ, ಅಂಗಿ ಮೈಗೆ ಅಂಟುತ್ತದೆ. ಮರುಭೂಮಿಯ ಒಣ ಗಾಳಿಯಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ. ಸಂಜೆ ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಮೂಡಿದಾಗಲೇ ತಿಳಿಯುವುದು. ದೇಹ ಶಾಖಕ್ಕೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಒಗ್ಗಿದಾಗ ಆಗುವುದೇನೆಂದರೆ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಮೊರೊಕ್ಕೊದ ಓಟ ಏಪ್ರಿಲ್‌ನಲ್ಲಿ ನಡೆಯುವುದರಿಂದ ನಮ್ಮ ಮುಖ್ಯ ತಯಾರಿಯೆಲ್ಲ ಚಳಿಗಾಲದಲ್ಲಿ ಆಗುತ್ತದೆ. ಡಿಸೆಂಬರ್‌ನ ತೀರ್ಥಹಳ್ಳಿಯಲ್ಲಿ ಮಂಜಿನಲ್ಲಿ ಓಡಿ ಗಳಿಸಿದ ದಮ್ಮು ಸಹಾರಾದ 45 ಡಿಗ್ರಿಗೆ ಸಾಲುವುದಿಲ್ಲ.

ಇದಕ್ಕೆ ಬಚ್ಚಲುಮನೆಯಲ್ಲೇ ದಾರಿಯಿದೆ. ಓಡಿ ಬಂದ ಕೂಡಲೇ 40 ಡಿಗ್ರಿ ಬಿಸಿಯ ನೀರಿನಲ್ಲಿ ಕುತ್ತಿಗೆವರೆಗೆ 40 ನಿಮಿಷ ಕೂರುವುದು, ಸತತ ಆರು ದಿನ. ಹಂಡೆಯಿಂದ ಚೊಂಬಿನಲ್ಲಿ ಸುರಿದುಕೊಂಡರೆ ಆಗುವುದಿಲ್ಲ, ಮುಳುಗಿ ಕೂರಬೇಕು. 200 ಲೀಟರಿನ ಅಗಲ ಬಾಯಿಯ ಡ್ರಮ್ಮು ಸಾಕು. ಹಂಡೆ ಒಲೆಗೆ ಅಡಿಕೆ ಸಿಪ್ಪೆ ತುಂಬಿ ಹದವಾಗಿ ಉರಿಯಲು ಬಿಟ್ಟರೆ ನಡುನಡುವೆ ಬೆರೆಸಲು ಬಿಸಿನೀರು ಇರುತ್ತದೆ. ಬಿಸಿಯನ್ನು ಕೈಯಿಂದ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಳಿಬಿಡಿ. ಅಭ್ಯಂಜನಕ್ಕೆ ಒಗ್ಗಿದ ಮಲೆನಾಡಿನ ಕೈಗೆ 43 ಡಿಗ್ರಿಯೂ ಉಗುರು ಬೆಚ್ಚಗೆ ಅನ್ನಿಸುತ್ತದೆ. ಮೊದಲ ದಿನ 15–20 ನಿಮಿಷ ಸಾಕು. ಏಳುವಾಗ ನಿಧಾನ, ಒಮ್ಮೆಲೇ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ಒಬ್ಬರೇ ಇದನ್ನು ಮಾಡಲೇಬಾರದು. ಜೊತೆಗಾರರು ಬಾಗಿಲ ಹೊರಗೆ ಕೂತು ಐದು ನಿಮಿಷಕ್ಕೊಮ್ಮೆ ಮಾತಾಡಿಸುತ್ತಿರಬೇಕು, ಬಾಗಿಲಿಗೆ ಚಿಲಕ ಹಾಕಿರಬಾರದು. ಬಿಪಿ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಡ್ರಮ್ಮಿನ ಹತ್ತಿರವೂ ಹೋಗಬೇಡಿ. ಹೊರಡುವ ಹಿಂದಿನ ವಾರಕ್ಕೆ ಇದನ್ನು ಮುಗಿಸಿಕೊಳ್ಳಿ. ಜನವರಿಯಲ್ಲಿ ಮಾಡಿದ್ದು ಏಪ್ರಿಲ್‌ಗೆ ಉಳಿಯುವುದಿಲ್ಲ.

ಮರಳಿನ ಅಭ್ಯಾಸಕ್ಕೆ ಹುಲಿಕಲ್ ಘಾಟಿ ಇಳಿದು ಮರವಂತೆಗೆ ಹೋಗಬೇಕು. ಅಲೆ ತಾಗಿ ಗಟ್ಟಿಯಾದ ಅಂಚಿನಲ್ಲಿ ಓಡಿದರೆ ಟಾರು ರಸ್ತೆಗೆ ಅದಕ್ಕೆ ದೊಡ್ಡ ವ್ಯತ್ಯಾಸವಿಲ್ಲ, ಮೇಲಿನ ಒಣ ಮರಳಲ್ಲಿ ನಡೆಯಿರಿ. ಒಣ ಮರಳಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ 2.1ರಿಂದ 2.7 ಪಟ್ಟು, ಓಡಲು 1.6 ಪಟ್ಟು ಶಕ್ತಿ ಬೇಕೆಂದು ಅಳೆದು ನೋಡಿದ್ದಾರೆ. ಹೆಜ್ಜೆ ಊರಿದಾಗ ಮರಳು ಜಾರಿ ತಳ್ಳಿದ ಬಲ ಅಲ್ಲೇ ಇಂಗುತ್ತದೆ. ಅದಕ್ಕೇ ಹೆಜ್ಜೆ ಚಿಕ್ಕದಿರಲಿ, ಪಾದ ಅಗಲಕ್ಕೆ ಊರಲಿ, ಬೆರಳ ತುದಿಯಿಂದ ತಳ್ಳುವ ಚಟ ಬಿಡಿ. ಉಳಿದ ದಿನ ಕವಲೇದುರ್ಗ, ಕುಂದಾದ್ರಿ, ಕೊಡಚಾದ್ರಿ ಇದ್ದೇ ಇವೆ. ಚೀಲಕ್ಕೆ ಮೊದಲ ತಿಂಗಳು ಮೂರು ಕಿಲೋ ಅಕ್ಕಿ, ಆಮೇಲೆ ಐದು, ಕೊನೆಯ ಎರಡು ತಿಂಗಳು ಎಂಟು. ಅಕ್ಕಿಯನ್ನು ಎರಡು ಮೂರು ಪೊಟ್ಟಣ ಮಾಡಿ ಬೆನ್ನಿಗೆ ಒತ್ತಿಕೊಂಡಂತೆ ಇಡಿ. ಒಂದೇ ಮೂಟೆಯಾದರೆ ತಳಕ್ಕಿಳಿದು ಸೊಂಟ ಹಿಡಿಯುತ್ತದೆ.

ಪಾದದ ವಿಷಯಕ್ಕೆ ಬಂದರೆ, ಈ ಓಟ ಬಿಟ್ಟು ಬರುವವರಲ್ಲಿ ಬಹಳ ಮಂದಿಯನ್ನು ಸೋಲಿಸುವುದು ದಮ್ಮಲ್ಲ, ಬೊಬ್ಬೆ. ಶೂ ಅರ್ಧದಿಂದ ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ, ಶಾಖಕ್ಕೆ ಪಾದ ಊದುತ್ತದೆ. ಗೇಟರ್ ಹಿಡಿದು ನಿಲ್ಲುವುದು ವೆಲ್ಕ್ರೋ ಪಟ್ಟಿಯಿಂದ. ಶೂ ಸುತ್ತ, ತಳ ಮತ್ತು ಮೇಲುಭಾಗ ಸೇರುವ ಅಂಚಿಗೆ ಸರಿಯಾಗಿ ಒಂದು ಪಟ್ಟಿ, ಅದರ ಜೋಡಿ ಗೇಟರಿನ ಕೆಳಗೆ. ಬರೀ ಅಂಟಿನಲ್ಲಿ ಕೂರಿಸಿದ್ದು ಸುಡುವ ಮರಳಿಗೆ ಬಿಟ್ಟುಕೊಳ್ಳುತ್ತದೆ, ಹೊಲಿಸಲೇಬೇಕು. ಶಿವಮೊಗ್ಗದ ಗಾಂಧಿ ಬಜಾರಿನ ಆಸುಪಾಸಿನಲ್ಲಿ ಚಪ್ಪಲಿ ಹೊಲಿಯುವವರ ಮುಂದೆ ಶೂ ಇಟ್ಟಾಗ ಎರಡು ಮಾತು ಬಿಡಿಸಿ ಹೇಳಿ. ಒಂದು, ಪಟ್ಟಿಯನ್ನು ಎಳೆದು ಹೊಲಿಯಬಾರದು, ಎಳೆದರೆ ಮುಂಭಾಗ ಕುಗ್ಗಿ ದೊಡ್ಡ ಅಳತೆ ಕೊಂಡದ್ದೇ ದಂಡ. ಹೊಲಿಯುವಾಗ ಒಳಗೆ ಬಟ್ಟೆ ತುರುಕಿರಲಿ. ಎರಡು, ದಾರದ ಗಂಟು ಹೊರಗೆ ಬರಲಿ. ಮನೆಗೆ ಬಂದು ಬರಿಗೈ ಒಳಗೆ ಹಾಕಿ ಬೆರಳಾಡಿಸಿ. ಬೆರಳಿಗೆ ತಾಗುವ ಗಂಟು 40 ಕಿ.ಮೀ.ಗೆ ತೂತು ಕೊರೆಯುತ್ತದೆ. ಆಮೇಲೆ ಗಾರೆ ಕೆಲಸಕ್ಕೆ ಜರಡಿ ಹಿಡಿದ ಸಣ್ಣ ಮರಳು ಒಂದು ಮಗ್ ತಂದು, ಗೇಟರ್ ಹಾಕಿದ ಕಾಲ ಮೇಲೆ ಸುರಿದು, ಐವತ್ತು ಸಲ ನೆಗೆದು, ಶೂ ಬಿಚ್ಚಿ ಬಿಳಿ ಕಾಗದದ ಮೇಲೆ ಕೊಡವಿ ನೋಡಿ. ಹೊಳೆ ಮರಳಲ್ಲಿ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಅದು ದಪ್ಪ. ಸಹಾರಾದ ಮರಳು ಗಾಳಿಯಲ್ಲಿ ಉರುಳಿ ಉರುಳಿ ನುಣ್ಣಗಾದದ್ದು, ಜಾಲರಿ ಬಟ್ಟೆಯ ಕಣ್ಣಲ್ಲೇ ನುಗ್ಗುತ್ತದೆ.

ಬೊಬ್ಬೆ ಎದ್ದರೆ ಸೂಜಿಯನ್ನು ಆ್ಯಂಟಿಸೆಪ್ಟಿಕ್‌ನಲ್ಲಿ ಅದ್ದಿ, ಬುಡದ ಅಂಚಿನಲ್ಲಿ ಎರಡು ತೂತು ಮಾಡಿ, ನೀರು ಒತ್ತಿ ತೆಗೆದು, ಮೇಲಿನ ಚರ್ಮವನ್ನು ಹಾಗೇ ಬಿಟ್ಟು ಟೇಪು ಹಾಕಬೇಕು. ಚರ್ಮ ಕಿತ್ತರೆ ಮರುದಿನದ ಕಥೆ ಮುಗಿದಂತೆ. ಟೇಪಿನ ಮೂಲೆಗಳನ್ನು ಗುಂಡಗೆ ಕತ್ತರಿಸಿ, ಚೂಪು ಮೂಲೆ ಮೊದಲು ಏಳುತ್ತದೆ. ತೊಡೆಸಂದಿಗೆ ವ್ಯಾಸಲಿನ್ ಸರಿ, ಪಾದಕ್ಕೆ ಮಾತ್ರ ಕೊಬ್ಬರಿ ಎಣ್ಣೆ, ವ್ಯಾಸಲಿನ್ ಯಾವುದೂ ಬೇಡ, ಮರಳೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ಹಿಮ್ಮಡಿಯ ಹಿಂಭಾಗ, ಹೆಬ್ಬೆರಳ ಅಡಿ ನಮಗೇ ಕಾಣುವುದಿಲ್ಲ. ಸಂಜೆ ಡೇರೆಯಲ್ಲಿ ಒಬ್ಬರ ಕಾಲು ಇನ್ನೊಬ್ಬರ ಮಡಿಲಲ್ಲಿ ಇರಲೇಬೇಕು. ನಾಚಿಕೆ ಇದ್ದರೆ ಅದನ್ನು ಊರಲ್ಲೇ ಬಿಟ್ಟು ಬನ್ನಿ.

ನೀರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ: ಕುಡಿದಷ್ಟೂ ಒಳ್ಳೆಯದು ಅಂತ. ಉಪ್ಪಿಲ್ಲದ ನೀರನ್ನು ಬಾಯಾರಿಕೆ ಮೀರಿ ಕುಡಿದರೆ ರಕ್ತದ ಸೋಡಿಯಂ ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿಯುತ್ತದೆ. ಉಂಗುರ ಬಿಗಿಯಾಗುತ್ತದೆ, ಹೊಟ್ಟೆ ತೊಳಸುತ್ತದೆ, ತಲೆನೋವು, ಆಮೇಲೆ ಗಲಿಬಿಲಿ. ಇದನ್ನೇ ನೀರು ಸಾಲದ್ದು ಅಂತ ತಿಳಿದು ಮತ್ತಷ್ಟು ಕುಡಿಸಿದರೆ ಜೀವಕ್ಕೇ ಕುತ್ತು. ಎರಡು ಬಾಟಲಿಯಲ್ಲಿ ಒಂದು ಬರೀ ನೀರು, ಒಂದು ಓಆರ್‌ಎಸ್ ಇರಲಿ. ಔಷಧದಂಗಡಿಯ ಲೀಟರಿನ ಓಆರ್‌ಎಸ್ ಪೊಟ್ಟಣದಲ್ಲಿ ಸೋಡಿಯಂ 75 ಮಿಲಿಮೋಲ್, ಅಂದರೆ ಸುಮಾರು 1.7 ಗ್ರಾಂ. ಪೊಟ್ಟಣವನ್ನು ಅರ್ಧ ಲೀಟರಿಗೇ ಕಲಸುವ ಜಾಣತನ ಬೇಡ. ನಿಮ್ಮ ಬೆವರಿನ ಲೆಕ್ಕ ಊರಲ್ಲೇ ಸಿಗುತ್ತದೆ: ಒಂದು ಗಂಟೆ ಓಡುವ ಮುಂಚೆ, ಆಮೇಲೆ ಬಟ್ಟೆ ತೆಗೆದು ತೂಗಿ. ಇಳಿದ ತೂಕಕ್ಕೆ ನಡುವೆ ಕುಡಿದ ನೀರು ಕೂಡಿಸಿ. ಇಬ್ಬರದ್ದೂ ಒಂದೇ ಬರುವುದಿಲ್ಲ, ಹಾಗಾಗಿ ಒಬ್ಬರು ಕುಡಿದಾಗ ಇನ್ನೊಬ್ಬರೂ ಕುಡಿಯಬೇಕೆಂಬ ನಿಯಮ ಮಾಡಿಕೊಳ್ಳಬೇಡಿ.

ಜೊತೆಗಾರರ ಮೈ ಓದುವುದು ಒಂದು ವಿದ್ಯೆ. ಪ್ರತಿ ನೀರಿನ ನಿಲ್ದಾಣದಲ್ಲಿ ಮೂರು ಪ್ರಶ್ನೆ ಕೇಳಿ: ಉಚ್ಚೆ ಹೋಗಿ ಎಷ್ಟು ಹೊತ್ತಾಯಿತು, ಕೊನೆಗೆ ಏನು ತಿಂದೆ, ಕಾಲಲ್ಲಿ ಎಲ್ಲಿ ಬಿಸಿ ಅನ್ನಿಸುತ್ತಿದೆ. "ಆರಾಮಿದ್ದೀಯಾ?" ಅಂತ ಕೇಳುವುದು ದಂಡ, "ಎಂಥದೂ ಇಲ್ಲ ಮಾರಾಯ, ನಡಿ" ಅಂತಲೇ ಉತ್ತರ ಬರುವುದು. ಮಾತು ತೊದಲಿದರೆ, ಸುಮ್ಮಸುಮ್ಮನೆ ದಾರಿ ಬಿಟ್ಟು ಹೊರಳಿದರೆ ಹದಿಮೂರರ ಮಗ್ಗಿ ಹೇಳಿಸಿ. ಹದಿಮೂರೈದಲೆ ಎಡವಿದರೆ ನಗಬೇಡಿ. ಮೈ ಸುಡುತ್ತಿದ್ದು ಬುದ್ಧಿ ಕಲಸಿದರೆ ಅದು ಶಾಖಾಘಾತ. ನೆರಳು ಮಾಡಿ, ಇದ್ದ ನೀರನ್ನೆಲ್ಲ ಮೈಮೇಲೆ ಸುರಿದು, ಬಟ್ಟೆಯಿಂದ ಗಾಳಿ ಹಾಕಿ, ತುರ್ತು ಸಂದೇಶ ಕಳಿಸುವ ಸಾಧನದ ಗುಂಡಿ ಒತ್ತಿ. ಒಣ ಗಾಳಿಯಲ್ಲಿ ಈ ಗಾಳಿ ಹಾಕುವುದಕ್ಕೆ ಐಸಿನಷ್ಟಲ್ಲದಿದ್ದರೂ ಒಳ್ಳೆಯ ಶಕ್ತಿಯಿದೆ. ತಣಿಸುವುದು ಮೊದಲು, ಸಾಗಿಸುವುದು ಆಮೇಲೆ. ಬರೀ ಸಿಡುಕು ಇದ್ದರೆ ಮಾತ್ರ ಬೇರೆ ಔಷಧ: ಜಗಳ ಶುರುವಾದ ಕೂಡಲೇ ಇಬ್ಬರೂ ಬಾಯಿಗೆ ಬೆಲ್ಲ ಹಾಕಿಕೊಳ್ಳಬೇಕು, ಹತ್ತು ನಿಮಿಷ ಬಿಟ್ಟು ಬೇಕಿದ್ದರೆ ಮುಂದುವರಿಸಬಹುದು. ಹೆಚ್ಚಿನ ಜಗಳ ಹಸಿವಿನದ್ದು.

ದಿಬ್ಬ ಹತ್ತುವಾಗ ಗಾಳಿ ಬರುವ ಕಡೆಯ ಇಳಿಜಾರು ನಿಧಾನದ್ದು, ಒತ್ತಿಕೊಂಡು ಗಟ್ಟಿಯಾಗಿರುತ್ತದೆ. ಗಾಳಿ ಮರೆಯ ಕಡೆ 30 ಡಿಗ್ರಿ ದಾಟಿದ ಕಡಿದಾದ ಸಡಿಲ ಮರಳು. ಅದು ಇಳಿಯಲಿಕ್ಕೆ ಮಾತ್ರ. ಏರಿನಲ್ಲಿ ಗಟ್ಟಿ ಇದ್ದವರು ಮುಂದೆ ಹೋಗಿ ಮೆಟ್ಟಿಲಿನಂತೆ ಹೆಜ್ಜೆ ಒತ್ತಲಿ, ಹಿಂದಿನವರು ಅದೇ ಗುಳಿಯಲ್ಲಿ ಕಾಲಿಡಲಿ. ಬಯಲಿನಲ್ಲಿ ಸೋತವರೇ ಮುಂದಿರಲಿ. ಗಟ್ಟಿ ಇದ್ದವರು ಮುಂದಾದರೆ ತಮಗೇ ಗೊತ್ತಿಲ್ಲದೆ ವೇಗ ಹೆಚ್ಚಿಸುತ್ತಾರೆ.

ಮರಳಗಾಳಿ ಎದ್ದರೆ ಓಟ ಅಲ್ಲಿಗೆ ನಿಲ್ಲಬೇಕು. 1994ರ ಓಟದಲ್ಲಿ ಇಟಲಿಯ ಮೌರೊ ಪ್ರಾಸ್ಪೆರಿ ಗಾಳಿಯಲ್ಲೂ ಮುಂದೆ ಸಾಗಿ ದಾರಿ ತಪ್ಪಿದರು. ಹತ್ತು ದಿನದ ಹತ್ತಿರ ಅಲೆದು ಬದುಕಿ ಸಿಕ್ಕಿದ್ದು ಗಡಿಯಾಚೆ ಅಲ್ಜೀರಿಯಾದಲ್ಲಿ. ಗಾಳಿಗೆ ಬೆನ್ನು ಕೊಟ್ಟು, ಇಬ್ಬರೂ ಒತ್ತಿಕೊಂಡು, ತಲೆ ಮೇಲೆ ಬಟ್ಟೆ ಎಳೆದುಕೊಂಡು ಕೂರುವುದು. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿ ಬದುವಿನ ಮೇಲೆ ಕೂತ ಹಾಗೆ. ಕೂರುವ ಮೊದಲು ಹೋಗಬೇಕಾದ ದಿಕ್ಕಿಗೆ ಚೀಲದ ಬಾಯಿ ತಿರುಗಿಸಿಡಿ. ಎದ್ದಾಗ ಹೆಜ್ಜೆ ಗುರುತೆಲ್ಲ ಅಳಿಸಿರುತ್ತದೆ.

80 ಕಿ.ಮೀ. ಹಂತವನ್ನು ಗಂಟೆಗೆ ನಾಲ್ಕು ಕಿ.ಮೀ.ಯಂತೆ ನಡೆದರೂ ಇಪ್ಪತ್ತು ಗಂಟೆ, ನಿಲುಗಡೆ ಬೇರೆ. ರಾತ್ರಿ ಕಳೆಯಲೇಬೇಕು. ಒಬ್ಬರ ಬ್ಯಾಟರಿ ಮಾತ್ರ ಉರಿಸಿ ಇಬ್ಬರೂ ನಡೆಯುವ ಉಳಿತಾಯ ಬೇಡ, ಹಿಂದಿನವರಿಗೆ ಮುಂದಿನವರ ನೆರಳು ಅಡ್ಡ ಬಂದು ಕಲ್ಲು ಕಾಣುವುದಿಲ್ಲ. ನಿದ್ದೆ ತಡೆಯದಾದರೆ ನೀರಿನ ನಿಲ್ದಾಣದಲ್ಲೇ ಇಪ್ಪತ್ತು ನಿಮಿಷ, ಒಬ್ಬರು ಮಲಗಿ ಇನ್ನೊಬ್ಬರು ಕಾಯುವುದು. ಎಲ್ಲರಿಗಿಂತ ಹಿಂದೆ ಎರಡು ಒಂಟೆ ಬರುತ್ತಿರುತ್ತವೆ. ಅವು ದಾಟಿ ಹೋದರೆ ಓಟದಿಂದ ಹೊರಗೆ.

ಒಬ್ಬರಿಗೆ ಆಗುವುದೇ ಇಲ್ಲ ಅಂತಾದರೆ? ಈ ಮಾತನ್ನು ಜೋಡಿಗಳು ಅಪಶಕುನವೆಂದು ಮುಂದೂಡುತ್ತವೆ. ಊರಲ್ಲಿ, ಹೊಟ್ಟೆ ತುಂಬಿದ್ದಾಗ, ಜಗಲಿಯಲ್ಲಿ ಕೂತು ಆಡಿ ಮುಗಿಸಬೇಕಾದ ಮಾತು ಇದು. ಒಬ್ಬರು ನಿಂತರೆ ಇನ್ನೊಬ್ಬರು ಒಂಟಿಯಾಗಿ ಮುಂದುವರಿಯುವುದೋ, ಇಬ್ಬರೂ ನಿಲ್ಲುವುದೋ? ಯಾವುದಾದರೂ ಸರಿ, ಒಂದು ಕಾಗದದ ಮೇಲೆ ಬರೆದು ಇಬ್ಬರ ಚೀಲದಲ್ಲೂ ಒಂದೊಂದು ಪ್ರತಿ ಇರಲಿ, ಯಾಕೆಂದರೆ ಅಲ್ಲಿ ಸೋತವರು "ನೀ ಹೋಗು" ಅನ್ನುತ್ತಾರೆ, ಗಟ್ಟಿ ಇದ್ದವರು "ನಾ ಬಿಟ್ಟು ಹೋಗಲ್ಲ" ಅನ್ನುತ್ತಾರೆ, ಇಬ್ಬರ ಮಾತೂ ಆ ಹೊತ್ತಿನದ್ದು. ಮುಂದುವರಿಯುವುದೆಂದು ಬರೆದಿದ್ದರೆ ನಿಂತವರ ಚೀಲದಿಂದ ಟೇಪು, ಸೂಜಿ, ಓಆರ್‌ಎಸ್ ಪೊಟ್ಟಣ, ಚಟ್ನಿಪುಡಿ ಮುಂದೆ ಹೋಗುವವರ ಚೀಲಕ್ಕೆ ಬರಬೇಕು. ಅವರಿಂದ ಎತ್ತಿಕೊಂಡಿದ್ದ ಮ್ಯಾಟನ್ನು ಮರೆಯದೆ ವಾಪಸ್ ಕೊಟ್ಟು ಹೋಗಿ. ರಾತ್ರಿ ಅಲ್ಲಿ ಚಳಿ.